ಸಂತೋಷಕ್ಕೂ ಒಂದು ರ‍್ಯಾಂಕು

ಕಾಯಿಲೆ ಎಂದರೆ ಅದು ಕೈಗೆ ಸಿಗುವಂತಿರಬೇಕು ಎನ್ನುವುದು ನನ್ನ ನಂಬಿಕೆ. ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಕೆಮ್ಮು ಬಂದರೆ ಪಕ್ಕದ ಫ್ಲಾಟಿನವರೇ ಬಂದು ತಿಳಿಸುತ್ತಾರೆ. ಹೊಟ್ಟೆ ನೋವಿಗೆ ಓಮದ ಕಾಳು, ಶೀತಕ್ಕೆ ಮೆಣಸಿನ ಕಷಾಯ, ದೃಷ್ಟಿ ತಾಗಿದರೆ ಉಪ್ಪು ಮೆಣಸಿನಕಾಯಿ. ಇದ್ಯಾವುದಕ್ಕೂ ಬಗ್ಗದಿದ್ದರೆ ಸಿಂಹಾಚಲಂ ಬೆಟ್ಟದ ಮೇಲೆ ಅಪ್ಪನ್ನಸ್ವಾಮಿ ಇದ್ದೇ ಇದ್ದಾನೆ. ಮನಸ್ಸಿಗೆ ಎಂದು ನನ್ನ ಅಡುಗೆಮನೆಯಲ್ಲಿ ಬೇರೆ ಡಬ್ಬಿ ಇಟ್ಟಿರಲಿಲ್ಲ. ನಮ್ಮತ್ತೆಯವರ ಹತ್ತಿರ ಯಾರಾದರೂ ಬೇಜಾರು ಎಂದರೆ, "ಹಂಗಾದ್ರೆ ಅಟ್ಟದ ಮೇಲಿನ ಪಾತ್ರೆ ಇಳಿಸಿ ತಿಕ್ಕು" ಎನ್ನುತ್ತಿದ್ದರು. ನಾನೂ ತಿಕ್ಕಿದ್ದೇನೆ. ಬೇಜಾರು ಹೋಗುತ್ತಿತ್ತೋ ಇಲ್ಲವೋ, ಪಾತ್ರೆಗಳಂತೂ ಹೊಳೆಯುತ್ತಿದ್ದವು. ಅದನ್ನೇ ದೇವರ ದಯೆ ಅಂದುಕೊಂಡು ಒಳಗೆ ಹೋಗುತ್ತಿದ್ದೆ.

ನಾವು ತುಮಕೂರಿನ ಕಡೆಯವರು. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಬ್ಯಾಂಕು ಅವರನ್ನು ವಿಶಾಖಪಟ್ಟಣಕ್ಕೆ ಎತ್ತಿಹಾಕಿದಾಗ ಸಾಮಾನು, ದೇವರಪೆಟ್ಟಿಗೆ, ಮಗಳು ಸಿಂಧು, ಎಲ್ಲವನ್ನೂ ಕಟ್ಟಿಕೊಂಡು ಮಧುರವಾಡದ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಇಲ್ಲಿಯ ಜನ ಒಳ್ಳೆಯವರು. ಮಾತಿಗೊಂದು 'ಅಂಡೀ' ಸೇರಿಸಿ ಬೈದರೂ ಮರ್ಯಾದೆಯಿಂದ ಬೈಯುತ್ತಾರೆ. ಆದರೆ ಮಗಳ ಹತ್ತನೇ ತರಗತಿ ಮುಗಿದ ದಿನದಿಂದ ಲಿಫ್ಟಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಕೊನೆಗೆ ಸತ್ಯನಾರಾಯಣ ಪೂಜೆಯ ಪ್ರಸಾದದ ಸಾಲಿನಲ್ಲೂ ಒಂದೇ ಪ್ರಶ್ನೆ. "ಮೀ ಪಾಪ ಏ ಹಾಸ್ಟೆಲ್ ಅಂಡೀ?" ಓದಿಸುತ್ತೀರಾ ಎಂದಲ್ಲ, ಏನು ಓದಿಸುತ್ತೀರಿ ಎಂದೂ ಅಲ್ಲ, ಯಾವ ಹಾಸ್ಟೆಲು! ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ ಎಂದು ನಾನೊಮ್ಮೆ ಹೇಳಿದ್ದಕ್ಕೆ ಎದುರು ಮನೆಯ ವರಲಕ್ಷ್ಮಿಗಾರು ನನ್ನ ಕೈ ಹಿಡಿದುಕೊಂಡು, "ಅಯ್ಯೋ, ಏಮೈಂದಂಡೀ?" ಎಂದು ಕೇಳಿದರು. ಏನಾಯಿತು, ಯಾರಿಗೆ ಹುಷಾರಿಲ್ಲ ಎನ್ನುವ ದನಿ. ಪರಸ್ಥಳದಲ್ಲಿ ನಾವೇ ಯಾಕೆ ಬೇರೆಯಾಗಿ ಕಾಣಬೇಕು ಎಂದು, ಎಲ್ಲರಂತೆ ನಾವೂ ಮಗಳನ್ನು ವಿಜಯವಾಡದ ಒಂದು ದೊಡ್ಡ ಹಾಸ್ಟೆಲ್ ಕಾಲೇಜಿಗೆ ಸೇರಿಸಿ, ಬೆಟ್ಟದ ಮೇಲಿನ ಕನಕದುರ್ಗಮ್ಮನಿಗೆ ಒಪ್ಪಿಸಿ ಬಂದೆವು. ಅಮ್ಮನಿಗೆ ಅರಿಶಿನ ಕುಂಕುಮ, ಕಾಲೇಜಿಗೆ ಮಗಳು.

ಅಲ್ಲಿ ಮಕ್ಕಳ ಕೈಗೆ ಫೋನು ಕೊಡುವುದಿಲ್ಲ. ವಾರಕ್ಕೊಮ್ಮೆ ವಾರ್ಡನ್ ಮೇಡಂ ಕೋಣೆಯಿಂದ, ಅವರ ಎದುರೇ, ಸ್ಪೀಕರ್ ಹಾಕಿಕೊಂಡು ಮಾತಾಡಬೇಕು. ಬೇರೆ ಮಕ್ಕಳು "ಬಾಗುನ್ನಾನು ಅಮ್ಮಾ", ಚೆನ್ನಾಗಿದ್ದೇನೆ ಅಮ್ಮಾ, ಎಂದು ಒಂದೇ ರಾಗದಲ್ಲಿ ಒಪ್ಪಿಸಿ ಹೋಗುತ್ತಾರಂತೆ. ನಮಗೆ ಮಾತ್ರ ಭಗವಂತ ಕನ್ನಡವನ್ನು ಕೊಟ್ಟಿದ್ದ. ಮೇಡಮ್ಮಿಗೆ ಒಂದಕ್ಷರ ಅರ್ಥವಾಗದು. ನಮ್ಮ ಹುಡುಗಿ ಏನು ಬೇಕಾದರೂ ಹೇಳಬಹುದಿತ್ತು. ನನಗೆ ನೆನಪಿರುವಂತೆ ಅವಳು ಪ್ರತಿ ವಾರ ಹೇಳುತ್ತಿದ್ದದ್ದು ಒಂದೇ ಮಾತು. "ಅಮ್ಮಾ, ಹೊಟ್ಟೆ ನೋವು."

ನನ್ನ ಉತ್ಸಾಹ ಕೇಳಬೇಡಿ. ಕೈಗೆ ಸಿಗುವ ಕಾಯಿಲೆ! ಓಮದ ಪುಡಿ ಕಳಿಸಿದೆ. ಆಮೇಲೆ ಜೀರಿಗೆ ಪುಡಿ, ಇಂಗು ಹಾಕಿದ ಮೆಂತ್ಯದ ಪುಡಿ. ಹಾಸ್ಟೆಲ್ಲಿನ ಖಾರ ಹೆಚ್ಚಾಯಿತೇನೋ ಎಂದು ತುಪ್ಪ. ತುಪ್ಪ ಹೆಚ್ಚಾಯಿತೇನೋ ಎಂದು ಮತ್ತೆ ಓಮ. ಪ್ರತಿ ಶನಿವಾರ ಸಿಂಹಾಚಲಂ ಬೆಟ್ಟಕ್ಕೆ ಹೋಗಿ, "ಸ್ವಾಮೀ, ಮಗುವಿನ ಹೊಟ್ಟೆ ನಿನ್ನದು" ಎಂದೆ. ಹುಡುಗಿಯ ದನಿ ಮಾತ್ರ ವಾರದಿಂದ ವಾರಕ್ಕೆ ಸಣ್ಣಗಾಗುತ್ತ ಹೋಯಿತು. ಒಂದು ದಿನ ಬರೀ ಉಸಿರು ಕೇಳಿಸಿತು. ಫೋನಿಟ್ಟವಳೇ ಯಜಮಾನರ ಹತ್ತಿರ ಓಡಿದೆ. "ರೀ, ಕರ್ಕೊಂಡು ಬಂದ್ಬಿಡೋಣ" ಎಂದೆ. "ಸುಮ್ನಿರೇ, ಹೊಟ್ಟೆ ನೋವಿಗೆಲ್ಲ ಕಾಲೇಜು ಬಿಡಿಸ್ತಾರಾ? ಬ್ಯಾಂಕಲ್ಲಿ ನಾಕು ಜನರ ಮಕ್ಕಳು ಅಲ್ಲೇ ಇದಾರೆ, ನಾನೇನು ಹೇಳ್ಲಿ?" ಎಂದರು ಯಜಮಾನರು.

ಅಷ್ಟರಲ್ಲಿ ಕಾಲೇಜಿನಿಂದಲೇ ಕರೆ ಬಂತು. ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಪೋಷಕರಿಗೆ ಒಂದು ಸಭೆ. ದುರ್ಗಮ್ಮನೇ ದಾರಿ ತೋರಿಸಿದಳು ಎಂದುಕೊಂಡು, ಬಿಸಿಬೇಳೆ ಬಾತು, ಕೋಡುಬಳೆ ಕಟ್ಟಿಕೊಂಡು ರೈಲು ಹತ್ತಿದೆವು.

ಸಭಾಂಗಣದ ಬಾಗಿಲಲ್ಲೇ ಒಬ್ಬ ಹುಡುಗಿ ನಗುತ್ತಾ ನಮಸ್ಕಾರ ಮಾಡಿ, ಮಗುವಿನ ರ‍್ಯಾಂಕ್ ಎಷ್ಟು ಎಂದು ಕೇಳಿದಳು. ಆಸನದ ವ್ಯವಸ್ಥೆ ಹಾಗಿತ್ತು. ಮೊದಲ ಸಾಲಿನ ಸೋಫಾಗಳು ಮೊದಲ ಸೆಕ್ಷನ್ನಿನ ತಂದೆತಾಯಿಗೆ. ಅದರ ಹಿಂದೆ ಮೆತ್ತೆ ಹಾಕಿದ ಕುರ್ಚಿಗಳು. ಆಮೇಲೆ ಬರೀ ಕುರ್ಚಿ, ಆಮೇಲೆ ಪ್ಲಾಸ್ಟಿಕ್ ಸ್ಟೂಲು. ಬ್ಯಾಂಕಿನ ಸಮಾರಂಭಗಳಲ್ಲಿ ಎದೆ ಮುಂದೆ ಮಾಡಿಕೊಂಡು ಮುಂದಿನ ಸಾಲಿಗೆ ನಡೆಯುವ ನಮ್ಮ ಯಜಮಾನರನ್ನು ನೀರಿನ ಡ್ರಮ್ಮಿನ ಪಕ್ಕದ ಸ್ಟೂಲಿಗೆ ಕರೆದೊಯ್ದರು. ಫ್ಯಾನಿನ ಗಾಳಿಯೂ ಒಳ್ಳೆಯ ಅಂಕ ತೆಗೆದವರ ಅಪ್ಪಂದಿರ ತಲೆ ಸವರಿಕೊಂಡು, ಉಳಿದಿದ್ದರೆ ನಮ್ಮ ಕಡೆ ಬರುತ್ತಿತ್ತು. ಕೋಟು ಹಾಕಿದ ಭಾಷಣಕಾರರು ಮೈಕು ಹಿಡಿದು ಮೊದಲ ಮಾತೇ, "ನಿಮ್ಮ ಮಗುವನ್ನು ಯಾವತ್ತೂ ಇನ್ನೊಂದು ಮಗುವಿನ ಜೊತೆ ಹೋಲಿಸಬೇಡಿ" ಎಂದರು. ಸೋಫಾದವರು ಜೋರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ಬಂದದ್ದು ಆನಂದ ಪರೀಕ್ಷೆ. ಮಕ್ಕಳು ಎಷ್ಟು ಸಂತೋಷವಾಗಿದ್ದಾರೆ ಎಂದು ಕಾಲೇಜಿನವರು ಕಂಪ್ಯೂಟರಿನಲ್ಲಿ ಪರೀಕ್ಷೆ ಇಟ್ಟಿದ್ದರಂತೆ. ಫಲಿತಾಂಶವನ್ನು ಪರದೆಯ ಮೇಲೆ ರ‍್ಯಾಂಕಿನ ಪ್ರಕಾರ ಹಾಕಿದರು. ಸಂತೋಷದಲ್ಲಿ ಮೊದಲು ಬಂದ ಹುಡುಗನಿಗೆ ವೇದಿಕೆಯ ಮೇಲೆ ಶಾಲು. ನಿನ್ನ ಸಂತೋಷದ ಗುಟ್ಟೇನಪ್ಪ ಎಂದು ಕೇಳಿದರೆ ಆ ಮಗು ಕಣ್ಣು ಉಜ್ಜಿಕೊಳ್ಳುತ್ತಾ, "ನಿದ್ದೆ ಕಡಿಮೆ ಮಾಡಿದ್ದೇನೆ ಸಾರ್" ಎಂದಿತು. ನಮ್ಮ ಸಿಂಧುವಿನ ಹೆಸರಿಗಾಗಿ ಪರದೆಯ ತುದಿಯವರೆಗೆ ಕಾಯಬೇಕಾಯಿತು. ಪಕ್ಕದ ಸ್ಟೂಲಿನ ಹೆಂಗಸು, ಅವರ ಮಗನ ಹೆಸರೂ ಅಲ್ಲೇ ಇತ್ತು ಪಾಪ, "ಮಾವಾಡಿಕಿ ದೀಂಟ್ಲೋ ಟ್ಯೂಷನ್ ಪೆಟ್ಟಿಂಚಾಲಿ" ಎಂದು ನಿಟ್ಟುಸಿರುಬಿಟ್ಟರು. ಮಗನಿಗೆ ಸಂತೋಷದಲ್ಲಿ ಟ್ಯೂಷನ್ ಹಾಕಿಸುವ ಯೋಚನೆ. ಯಜಮಾನರು ನನ್ನ ಕಿವಿಯಲ್ಲಿ, "ಫಿಸಿಕ್ಸಲ್ಲಿ ಹಿಂದೆ ಬಿದ್ರೆ ಬೀಳ್ಲಿ, ಸಂತೋಷದಲ್ಲೂ ಹಿಂಗಾ? ಅದಕ್ಕೇನು ಫಾರ್ಮುಲಾ ಬೇಕಿತ್ತೇ?" ಎಂದರು. ನಾನೂ, ಸುಳ್ಳೇಕೆ ಹೇಳಲಿ, ಮನೆಗೆ ಬಂದಾಗ ಇವಳಿಗೆ ಸ್ವಲ್ಪ ನಗುವುದನ್ನು ಅಭ್ಯಾಸ ಮಾಡಿಸಬೇಕು ಎಂದುಕೊಂಡೆ.

ಸಭೆ ಮುಗಿದ ಮೇಲೆ ಮಕ್ಕಳನ್ನು ಅಂಗಳಕ್ಕೆ ಬಿಟ್ಟರು. ಇದು ಅಲ್ಲಿಯ ಭಾನುವಾರದ ಪದ್ಧತಿ. ಬೇವಿನ ಮರಗಳ ಕೆಳಗೆ ದುಪ್ಪಟಿ ಹಾಸಿ, ಕ್ಯಾರಿಯರ್ ಬಿಚ್ಚಿ, ಮೀಸೆ ಮೂಡಿದ ಹುಡುಗರಿಗೂ ತಾಯಂದಿರು ಕೈತುತ್ತು ಹಾಕುತ್ತಾರೆ. ಪುಳಿಹೊರದ ಒಂದು ತುತ್ತು, ಅಂಕದ ಒಂದು ಪ್ರಶ್ನೆ. ಬಾಯಿ ತುಂಬಿದ ಮಗು ಉತ್ತರ ಕೊಡಲಾರದು, ಉತ್ತರ ಕೊಡದ ಮಗುವಿಗೆ ಇನ್ನೊಂದು ತುತ್ತು. ನಾನೂ ದುಪ್ಪಟಿ ಹಾಸಿದೆ. ಸಿಂಧು ಬಂದು ಕೂತಳು. ಕೆನ್ನೆ ಒಳಗೆ ಹೋಗಿತ್ತು. ಬಿಸಿಬೇಳೆ ಬಾತನ್ನು ಗಬಗಬ ತಿಂದಳು, ಮತ್ತೆ ಹಾಕಿಸಿಕೊಂಡಳು.

"ಹೊಟ್ಟೆ ನೋವು ಅಂದಿದ್ದೆಯಲ್ಲೇ?" ಎಂದೆ.

"ಹೊಟ್ಟೆ ನೋವಿಲ್ಲಮ್ಮ."

"ಮತ್ತೆ ಅಷ್ಟು ಓಮ?"

"ರೂಮಲ್ಲಿ ಎಲ್ರಿಗೂ ಹಂಚಿದೆ." ತಟ್ಟೆ ನೋಡುತ್ತಲೇ ಹೇಳಿದಳು. "ಹೊಟ್ಟೆ ನೋವು ಅಂದ್ರೆ ನೀನು ಕೇಳಿಸ್ಕೋತೀಯ. ಮೊದಲ ವಾರ ಅಳು ಬರ್ತಿದೆ ಅಂದೆ. ದೇವರನ್ನ ನೆನೆಸ್ಕೊಂಡು ಓದು, ಸರಿಹೋಗುತ್ತೆ ಅಂದೆ ನೀನು. ನೆನೆಸ್ಕೊಂಡೆ. ಹೋಗ್ಲಿಲ್ಲ. ಬೆಳಿಗ್ಗೆ ಬೆಲ್ ಹೊಡೆದ ತಕ್ಷಣ, ಇವತ್ತು ನಾನು ಏಳದೇ ಇದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ ಅಮ್ಮಾ. ದಿನಾ ಅನ್ಸುತ್ತೆ."

ನಾನು ಆಗ ಏನು ಮಾಡಿದೆ ಗೊತ್ತೆ? ಕೋಡುಬಳೆ ಡಬ್ಬಿಯ ಮುಚ್ಚಳ ಹುಡುಕಿದೆ. ನಮ್ಮ ಅಪ್ಪನ್ನಸ್ವಾಮಿ ವರ್ಷವೆಲ್ಲ ಗಂಧದ ಲೇಪದೊಳಗೆ ಇದ್ದು, ನಿಜರೂಪ ತೋರಿಸುವುದು ಒಂದೇ ದಿನ. ಆ ದಿನ ನಾನು ಕ್ಯೂನಲ್ಲಿ ನೂಕಿಸಿಕೊಂಡು, ಕಾಲು ತುಳಿಸಿಕೊಂಡು, ಕ್ಷಣಮಾತ್ರದ ದರ್ಶನಕ್ಕೆ ಕಣ್ಣೀರು ಹಾಕಿಕೊಂಡು ಬರುತ್ತೇನೆ. ಹೆತ್ತ ಮಗಳು ಎದುರಿಗೆ ಕೂತು ನಿಜರೂಪ ತೋರಿಸಿದರೆ ನನಗೆ ಮುಚ್ಚಳದ ಚಿಂತೆ. ಯಜಮಾನರ ಬಾಯಲ್ಲಿ ಕೋಡುಬಳೆ ಅರ್ಧಕ್ಕೇ ನಿಂತಿತ್ತು. ಅವರು ಅದನ್ನು ನುಂಗಿ, ಎದ್ದು, ಪಂಚೆ ಸರಿಮಾಡಿಕೊಂಡು, "ಬ್ಯಾಗ್ ತಗೊಂಡು ಬಾ ಮಗಳೇ" ಎಂದರು. ಬ್ಯಾಂಕಿನ ನಾಕು ಜನ ಅವರ ನೆನಪಿಗೆ ಬರಲಿಲ್ಲ. ದುರ್ಗಮ್ಮ ದೊಡ್ಡವಳು.

ಪ್ರಿನ್ಸಿಪಾಲರು ಬಹಳ ನೊಂದುಕೊಂಡರು. "ಈಗಷ್ಟೇ ಮಾನಸಿಕ ಆರೋಗ್ಯ ಶುರು ಮಾಡಿದ್ದೀವಂಡೀ, ಇಷ್ಟರಲ್ಲೇ ಬಿಡಿಸಿದರೆ ಹೇಗೆ?" ಎಂದರು. ಆಪ್ತ ಸಮಾಲೋಚಕರೂ ಇದ್ದಾರಲ್ಲ ಎಂದು ತೋರಿಸಿದರು. ನೋಡಿದರೆ ಅವರು ಕೆಮಿಸ್ಟ್ರಿ ಮೇಷ್ಟ್ರು. ಪಾಠವಿಲ್ಲದ ಹೊತ್ತಿನಲ್ಲಿ ಸಮಾಧಾನ ಹೇಳುತ್ತಾರಂತೆ, ಸಮಾಧಾನವಾಗದವರನ್ನು ಹೆಚ್ಚುವರಿ ತರಗತಿಗೆ ಹಾಕುತ್ತಾರಂತೆ.

ಈಗ ಸಿಂಧು ಮನೆಯ ಹತ್ತಿರದ ಸಾಧಾರಣ ಕಾಲೇಜಿಗೆ ನಡೆದು ಹೋಗುತ್ತಾಳೆ. ಅಲ್ಲಿ ಸಂತೋಷದ ಪರೀಕ್ಷೆಯಿಲ್ಲ. ಸಂಜೆ ಆಟಕ್ಕೆ ಬಿಡುತ್ತಾರೆ. ಒಬ್ಬ ಮೇಡಂ ಇದ್ದಾರೆ, ಹುಡುಗಿ ಕ್ಲಾಸಿನಲ್ಲಿ ಕಣ್ಣೀರು ಹಾಕಿದರೆ ಕಾರಣ ಕೇಳದೆ ಒಂದು ಸುತ್ತು ಹೊರಗೆ ಹೋಗಿ ಬಾ ಎನ್ನುತ್ತಾರಂತೆ. ಇದನ್ನು ನಾನು ದೇವರ ದೀಪದ ಮುಂದೆ ದಿನಾ ನೆನೆಯುತ್ತೇನೆ. ಮನಸ್ಸಿನ ಡಾಕ್ಟರ ಹತ್ತಿರವೂ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿಂಧುವಿನ ಜೊತೆ ತುಂಬಾ ಹೊತ್ತು ಮಾತಾಡಿ, ಆಮೇಲೆ ನನ್ನನ್ನು ಒಳಗೆ ಕರೆದು, "ದಿನಾ ಸಂಜೆ ಸ್ವಲ್ಪ ಹೊತ್ತು ಮಗಳ ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ ಅಮ್ಮಾ. ಪ್ರಶ್ನೆ ಬೇಡ, ಬುದ್ಧಿ ಬೇಡ, ತಿಂಡಿ ಬೇಡ" ಎಂದರು. ಔಷಧಿ ಬರೆದದ್ದು ಅವಳಿಗೋ ನನಗೋ ಎಂದು ಇನ್ನೂ ಅರ್ಥವಾಗಿಲ್ಲ.

ನಾನು ಏಕಾದಶಿಗೆ ನೀರೂ ಮುಟ್ಟದವಳು. ಬರಿಗಾಲಲ್ಲಿ ಬೆಟ್ಟ ಹತ್ತಿದವಳು. ಆದರೆ ಇಂಥ ಕಠಿಣ ವ್ರತ ನನ್ನ ಶತ್ರುವಿಗೂ ಬೇಡ. ಮೊದಲ ಸಂಜೆ ಬಾಲ್ಕನಿಯಲ್ಲಿ ಅವಳ ಪಕ್ಕ ಕೂತೆ. ಓದಿದೆಯಾ ಎನ್ನುವುದು ನಾಲಗೆಯ ತುದಿಗೆ ಬಂತು, ನುಂಗಿದೆ. ತಲೆಗೆ ಎಣ್ಣೆ ಹಚ್ಚಲಾ ಎನ್ನುವುದು ಬಂತು, ಅದನ್ನೂ ನುಂಗಿದೆ. ಎದುರು ಮನೆಯ ವರಲಕ್ಷ್ಮಿಗಾರ ಮಗನ ರ‍್ಯಾಂಕು ಗಂಟಲಿಗೇ ಬಂದು ಕೂತಿತ್ತು. ಸೆರಗಿನ ತುದಿ ಬಾಯಿಗಿಟ್ಟು ತಡೆದೆ. ಸಿಂಧು ರಸ್ತೆಯ ಕಡೆ ನೋಡುತ್ತಿದ್ದವಳು ನಿಧಾನವಾಗಿ ನನ್ನ ಭುಜಕ್ಕೆ ಒರಗಿದಳು. ಒಳಗೊಳಗೇ ನೂರು ಸಲ ಗೋವಿಂದ ಎಂದೆ. ದನಿ ಮಾತ್ರ ಹೊರಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ತಲೆ ಎತ್ತಿ ನನ್ನ ಮುಖವನ್ನೇ ದಿಟ್ಟಿಸಿದಳು. ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಗಾಬರಿಯಿಂದ ಒಳಗೆ ಕೂಗಿದಳು:

"ಅಪ್ಪಾ, ಬೇಗ ಬನ್ನಿ! ಅಮ್ಮ ಆಗಿಂದ ಒಂದು ಮಾತೂ ಆಡಿಲ್ಲ. ಇವಳಿಗೆ ಏನೋ ಆಗಿದೆ!"

ಯಜಮಾನರು ನೀರಿನ ಲೋಟ ಹಿಡಿದುಕೊಂಡೇ ಓಡಿ ಬಂದರು.