ಶೆಡ್ಡಿನಲ್ಲಿ ಯಾರಿದ್ದಾರೆ?

ಫೋನು ಬಂದ ಹೊತ್ತಿಗೆ ದೋಣಿಯ ಎಂಜಿನ್ನು ಓಡದೇ ಇದ್ದಿದ್ದರೆ ಆರ್ಲೋ ಪಿಂಡರನ ಆ ದಿನ ನೆಟ್ಟಗೆ ಕಳೆಯುತ್ತಿತ್ತು. ಆದರೆ ಆರ್ಲೋ ದೋಣಿ ರಿಪೇರಿಯವನು. ವಾರದಿಂದ ಮುನಿಸಿಕೊಂಡಿದ್ದ ಎಂಜಿನ್ನು ಆಗಷ್ಟೇ ಬಾಯಿ ಬಿಟ್ಟಿತ್ತು. ನಿಲ್ಲಿಸಿದರೆ ಮತ್ತೆ ಮಾತಾಡುತ್ತದೋ ಇಲ್ಲವೋ ಎಂಬ ಭಯಕ್ಕೆ ಒಂದು ಕಿವಿಗೆ ಬೆರಳು, ಇನ್ನೊಂದಕ್ಕೆ ಫೋನು ಇಟ್ಟುಕೊಂಡು ನಿಂತ.

"ಕೌಂಟಿ ಕಚೇರಿಯಿಂದ ಮಾತಾಡ್ತಿರೋದು... ನಿಮ್ಮ ಮನೆ ಪರ್ಮಿಟ್ಟು... ಮಧ್ಯಾಹ್ನ ಬರ್ತೀವಿ... ಅಲ್ಲಿ ಯಾರ್ಯಾರು ವಾಸ ಇದ್ದಾರೆ..."

ಮಿಕ್ಕದ್ದನ್ನು ಎಂಜಿನ್ನು ನುಂಗಿತು.

ಪರ್ಮಿಟ್ಟು ಎಂಬ ಮಾತಿಗೇ ಆರ್ಲೋ ಎಂಜಿನ್ನನ್ನೇ ನಿಲ್ಲಿಸಿಬಿಟ್ಟ. ಫ್ಲೋರಿಡಾದ ಬಾಲದ ತುದಿಯಲ್ಲಿರುವ ಆ ದ್ವೀಪದಲ್ಲಿ ಮನೆ ಕಟ್ಟಲು ಜಾಗ ಇದ್ದರೆ ಸಾಲದು. ಹೊರಹೋಗಲು ಇರುವುದು ಒಂದೇ ರಸ್ತೆ, ಅದೂ ಸೇತುವೆಯ ಮೇಲೆ. ಚಂಡಮಾರುತ ಬರುವ ಮುನ್ನ ಊರಿಗೆ ಊರೇ ಅದನ್ನು ದಾಟಬೇಕು. ಅದಕ್ಕೇ ವರ್ಷಕ್ಕೆ ಬೆರಳೆಣಿಕೆಯಷ್ಟು ಪರ್ಮಿಟ್ಟು, ಉಳಿದವರೆಲ್ಲ ಸಾಲಿನಲ್ಲಿ. ಸಾಲಿನಲ್ಲಿ ನಿಂತೂ ನಿಂತೂ ಆರ್ಲೋನ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಅಲ್ಲಿಯವರೆಗೆ ಅತ್ತೆಯ ಮನೆಯ ಹಜಾರದಲ್ಲಿ, ಒಂದು ಪರದೆಯ ಹಿಂದೆ, ಗಂಡಹೆಂಡಿರ ಸಂಸಾರ. ಅವನು ಕೆಮ್ಮಿದರೆ ಪರದೆಯಾಚೆಯಿಂದ ಅತ್ತೆ ಔಷಧದ ಹೆಸರು ಹೇಳುತ್ತಿದ್ದಳು. "ಈ ವರ್ಷವೂ ಆಗದಿದ್ರೆ ನಾನು ಮಯಾಮಿಗೆ ಅಕ್ಕನ ಮನೆಗೆ ಹೊರಟೆ. ನೀನು ನಮ್ಮಮ್ಮನ ಜೊತೆ ಇರು," ಎಂದು ಹೆಂಡತಿ ಡೆಲ್ಫಿನ್ ಹೇಳಿಬಿಟ್ಟಿದ್ದಳು. ಅವಳು ತಮಾಷೆಗೆ ಹೇಳಿದ್ದಲ್ಲ.

ಕಚೇರಿಗೆ ತಿರುಗಿ ಫೋನು ಮಾಡಿದ. ಕಾಯಿರಿ ಎಂದು ಅದು ಪಿಟೀಲು ಕೇಳಿಸಿತು. ಬಹಳ ಹೊತ್ತು ಕೇಳಿಸಿ, ತಾನೇ ಸುಸ್ತಾಗಿ ಕಡಿದುಹೋಯಿತು.

"ಏನೋ ಅದು, ಹರಳೆಣ್ಣೆ ಕುಡಿದ ಮುಖ?" ಅವನ ಖಾಲಿ ಜಾಗದ ಬೇಲಿಯಾಚೆಯಿಂದ ಟ್ರೂಡಿ ಆಲ್ಬರಿ ಕೇಳಿದಳು. ಇಡೀ ಬೀದಿಗೆ ಅವಳು ಟ್ರೂಡಿ ಚಿಕ್ಕಮ್ಮ. ಕೋಳಿ ಸಾಕುವುದು ಅವಳ ಕಸುಬು, ಸಲಹೆ ಕೊಡುವುದು ಅವಳ ಚಟ.

ಆರ್ಲೋ ಕೇಳಿದ್ದಷ್ಟನ್ನು ಹೇಳಿದ.

"ಯಾರು ವಾಸ ಇದ್ದಾರೆ ಅಂತ ಕೇಳಿದ್ರಾ? ಅಯ್ಯೋ ಮಂಕೇ, ನಿನ್ನ ಅದೃಷ್ಟ ಖುಲಾಯಿಸ್ತು! ಹಳೇ ಮನೆ ಇರೋ ಜಾಗಕ್ಕೆ ಸಾಲೂ ಬೇಡ, ಗೀಲೂ ಬೇಡ. ಹಳೇದು ಕೆಡವು, ಹೊಸದು ಕಟ್ಟು. ಲೆಕ್ಕಕ್ಕೆ ಲೆಕ್ಕ ಸರಿ."

"ನನ್ನ ಜಾಗದಲ್ಲಿ ಮನೆ ಎಲ್ಲಿದೆ ಚಿಕ್ಕಮ್ಮ? ಏಡಿಬೋನು ಇಡೋ ಶೆಡ್ಡು..."

"ಮನುಷ್ಯರಿದ್ರೆ ಮನೆ, ಬೋನಿದ್ರೆ ಶೆಡ್ಡು. ಅದನ್ನ ನೋಡೋಕೇ ಬರ್ತಿರೋದು!"

ಆರ್ಲೋಗೆ ಅದು ಸರಿಯೆನಿಸಿತು, ತಪ್ಪೆಂದೂ ಅನಿಸಿತು. ಯಾವುದು ಹೆಚ್ಚು ಅನಿಸಿತು ಎಂದು ತೀರ್ಮಾನಿಸುವಷ್ಟರಲ್ಲಿ ಚಿಕ್ಕಮ್ಮ ಬೇಲಿ ದಾಟಿ ಬಂದು ಬೋನುಗಳನ್ನು ಹೊರಗೆಸೆಯತೊಡಗಿದ್ದಳು.

ಸುದ್ದಿ ಬೀದಿಯಲ್ಲಿ ಸೀಮೆಎಣ್ಣೆಯಂತೆ ಹರಡಿತು. ಚಿಕ್ಕಮ್ಮ ತನ್ನ ಮಡಿಸುವ ಮಂಚ ಕೊಟ್ಟಳು. ಎದುರುಮನೆಯವರು ಗ್ಯಾಸ್ ಒಲೆ ತಂದರು. ಪಕ್ಕದವರು ಹೂವಿನ ಪರದೆ ತಂದರು. ಯಾರೋ ಮೇರಿಮಾತೆಯ ಪಟ ತಂದು ಮೊಳೆ ಹೊಡೆದರು. ಮೂಲೆಯಲ್ಲಿ ಮಲಗಿದ್ದ ಮಾರುದ್ದದ ಇಗ್ವಾನಾ ಹಲ್ಲಿ ಈ ಗದ್ದಲ ನೋಡಿ, ವಠಾರದ ಯಜಮಾನನಂತೆ ಗಂಟಲು ಉಬ್ಬಿಸಿ ಹೊರನಡೆಯಿತು.

ಇನ್ನು ವಾಸಕ್ಕೆ ಒಬ್ಬ ಮನುಷ್ಯ ಬೇಕು. ದೋಣಿ ಬಂದಾಗ ಸೇತುವೆ ಎತ್ತಿಳಿಸುವ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಹಂಬರ್ಟ್ ಮುದುಕ ಒಪ್ಪಿದ.

"ಬಾಡಿಗೆಯವನು ಅಂದ್ಮೇಲೆ ದೂರು ಹೇಳ್ಬೇಕು. ಸೂರು ಸೋರುತ್ತೆ ಅಂತ ಹೇಳ್ಲಾ?"

"ಏನೂ ಹೇಳ್ಬೇಡ ತಾತ. ಸುಮ್ನೆ ಇರು."

"ಸುಮ್ನಿದ್ರೆ ಬಾಡಿಗೆಯವನು ಅಂತ ಯಾರು ನಂಬ್ತಾರೋ?"

ಆರ್ಲೋ ಮೈತೊಳೆದು, ಮದುವೆಯ ಅಂಗಿ ಹಾಕಿಕೊಂಡು ಮರಳಿ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಮಂಚವಿರಲಿಲ್ಲ. ಒಲೆಯೂ ಇರಲಿಲ್ಲ. ಪರದೆ ಮಾಯ. ಬಾಡಿಗೆಯವನೂ ಮಾಯ. ಗೋಡೆಯಲ್ಲಿ ಮೊಳೆಯೊಂದು ಇತ್ತು.

ಬೀದಿಗೆ ಓಡಿದ. ಎದುರುಮನೆಯವರ ದೋಣಿ ಇಡುವ ಕೊಟ್ಟಿಗೆಗೆ ಹೂವಿನ ಪರದೆ ಬಂದಿತ್ತು. ಅದರ ಪಕ್ಕದ ಹಳೇ ಸ್ನಾನದ ಮನೆಯ ಬಾಗಿಲಲ್ಲಿ ಚಪ್ಪಲಿ ಜೋಡಿಸಿದ್ದರು. ಟ್ರೂಡಿ ಚಿಕ್ಕಮ್ಮನ ಕೋಳಿಗಳೆಲ್ಲ ಬೀದಿಗೆ ಬಿದ್ದು, ಗಂಟುಮೂಟೆ ಕಳಕೊಂಡ ಪ್ರಯಾಣಿಕರಂತೆ ಸುತ್ತುತ್ತಿದ್ದವು. ಆಳೆತ್ತರದ ಆ ಗೂಡಿನೊಳಗೆ ಅವನ ಮಂಚ!

"ಚಿಕ್ಕಮ್ಮ! ಅದು ನನಗೆ ಕೊಟ್ಟ ಮಂಚ!"

"ಕೊಟ್ಟಿದ್ದೆ ಮಾರಾಯ. ಆಮೇಲೆ ಬೆನ್ನುನೋವು ಶುರುವಾಯ್ತು."

"ಕೋಳಿಗೂಡಲ್ಲಿ ಮಲಗ್ತೀರಾ?"

"ಗಾಳಿ ಚೆನ್ನಾಗಿ ಬರುತ್ತೆ," ಎಂದಳು ಚಿಕ್ಕಮ್ಮ, ಮುಖ ತಿರುಗಿಸಿ.

ಇದ್ದಕ್ಕಿದ್ದಂತೆ ಬೀದಿಯವರಿಗೆಲ್ಲ ಏನಾಯಿತು ಎಂದು ಆರ್ಲೋಗೆ ತಿಳಿಯಲಿಲ್ಲ. ತಲೆಕೆರೆದುಕೊಂಡು ಮರಳಿದರೆ ಶೆಡ್ಡಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಕೊರಳಲ್ಲಿ ಕೌಂಟಿಯ ಗುರುತುಪಟ್ಟಿ, ಕಾಲಲ್ಲಿ ಕೋಳಿಪುಕ್ಕ ಅಂಟಿದ ಬೂಟು.

"ನಾನು ಮರಿಸೆಲಾ ಕಿಂತಾನಾ. ಬೀದಿ ಎಲ್ಲಾ ಮುಗಿಸ್ಕೊಂಡು ಬಂದೆ. ಕೊನೇದು ನಿಮ್ಮದೇ. ಒಳಗೆ ಯಾರಾದ್ರೂ ಇದ್ದಾರಾ?"

ಆರ್ಲೋ ಬಾಯಿ ತೆರೆದ. ಅಷ್ಟರಲ್ಲಿ ಶೆಡ್ಡಿನ ಹಿಂದಿನ ಕಿಟಕಿಯಿಂದ ಏನೋ ದೊಪ್ಪನೆ ಒಳಕ್ಕೆ ಬಿದ್ದ ಸದ್ದಾಯಿತು. ಬಾಗಿಲು ತೆರೆದು, ಏದುಸಿರು ಬಿಡುತ್ತ ಹಂಬರ್ಟ್ ಕಾಣಿಸಿಕೊಂಡ.

"ಇದ್ದೀನಲ್ಲ! ಸೂರು ಸೋರುತ್ತೆ."

ಕಿಂತಾನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಆಗಲೇ ಕೋಳಿಗೂಡಲ್ಲಿ ನೋಡಿದೆ ನಿಮ್ಮನ್ನ."

"ಅದು ನನ್ನ ತಮ್ಮ."

"ದೋಣಿ ಕೊಟ್ಟಿಗೆಯಲ್ಲಿ?"

"ಅವನ ತಮ್ಮ."

"ಮೂವರಿಗೂ ಒಂದೇ ಅಂಗಿ."

"ನಮ್ಮಮ್ಮ ಒಂದೇ ಬಟ್ಟೇಲಿ ಹೊಲಿಸಿದ್ಲು ತಾಯಿ. ಬಡತನ."

"ಇರಲಿ. ಚಂಡಮಾರುತ ಬಂದ್ರೆ ಹೇಗೆ ಹೋಗ್ತೀರಿ?"

ಹಂಬರ್ಟ್ ಎದೆಯುಬ್ಬಿಸಿದ. "ಕಾರಲ್ಲಿ! ಒಬ್ಬೊಬ್ಬರಿಗೂ ಒಂದೊಂದು ಕಾರಿದೆ."

ಭೇಷ್ ಮುದುಕ, ಎಂದುಕೊಂಡ ಆರ್ಲೋ. ಕಿಂತಾನಾ ಮಾತ್ರ ನಿಟ್ಟುಸಿರು ಬಿಟ್ಟು ಬೋನಿನ ಮೇಲೆ ಕೂತಳು.

"ಪಿಂಡರ್ ಅವರೇ, ಬೆಳಗ್ಗೆ ಫೋನಲ್ಲಿ ಹೇಳಿದ್ದೆನಲ್ಲ. ಸಾಲಲ್ಲಿ ಈ ಸಲ ನಿಮ್ಮದೇ ಸರದಿ. ಈ ದ್ವೀಪಕ್ಕೆ ಉಳಿದಿದ್ದೂ ಒಂದೇ ಪರ್ಮಿಟ್ಟು. ಕೊಡೋಕೆ ಮುಂಚೆ ಬೀದೀಲಿ ಎಷ್ಟು ಜನ ಇದ್ದಾರೆ ಅಂತ ಒಂದ್ಸಲ ಎಣಿಸ್ಬೇಕಿತ್ತು, ಅಷ್ಟೇ. ನಮ್ಮ ಲೆಕ್ಕದಲ್ಲಿದ್ದಷ್ಟೇ ಇದ್ದಿದ್ರೆ ನಿಮಗೆ ಇವತ್ತೇ ಕೊಟ್ಟು ಹೋಗ್ತಿದ್ದೆ. ಇಲ್ಲಿ ನೋಡಿದ್ರೆ ಕೋಳಿಗೂಡಲ್ಲಿ ಜನ, ಸ್ನಾನದ ಮನೇಲಿ ಜನ, ಎಲ್ಲರಿಗೂ ಕಾರು! ಇಷ್ಟು ಜನ ಹೊರಟ್ರೆ ಸೇತುವೆ ದಾಟೋಕೆ ಒಂದು ದಿನ ಸಾಲಲ್ಲ. ಇನ್ನು ಪರ್ಮಿಟ್ಟೆಲ್ಲ ಬಂದ್."

ಆರ್ಲೋ ಹಂಬರ್ಟನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದ.

"ಸುಳ್ಳು ಮೇಡಂ! ಎಲ್ಲಾ ಸುಳ್ಳು! ಇದು ಬರೀ ಶೆಡ್ಡು, ಈ ಮುದುಕನಿಗೆ ತಮ್ಮನೂ ಇಲ್ಲ, ಕಾರೂ ಇಲ್ಲ!"

"ನನಗೂ ಕಣ್ಣಿದೆ ಪಿಂಡರ್ ಅವರೇ. ಆದ್ರೆ ಹೋದ ಚಂಡಮಾರುತದಲ್ಲಿ ಪಕ್ಕದ ದ್ವೀಪದಲ್ಲಿ ಇಂಥದ್ದೇ ಒಂದು ಶೆಡ್ಡಲ್ಲಿ ಯಾರೂ ಇಲ್ಲ ಅಂತ ನಾನೇ ಲೆಕ್ಕದಿಂದ ಬಿಟ್ಟಿದ್ದೆ. ಇದ್ರು. ನೀರು ಇಳಿದ್ಮೇಲೆ ಮಾವಿನ ಮರದ ಮೇಲೆ ಸಿಕ್ರು. ಅವತ್ತಿಂದ ಮನೆಯವರು 'ಜನ ಇದ್ದಾರೆ' ಅಂದ್ರೆ ನಾನು ಬಿಡೋದಿಲ್ಲ. ನಿಮ್ಮ ಶೆಡ್ಡನ್ನ ಲೆಕ್ಕದಿಂದ ಈಗ ತೆಗೀತೀನಿ. ಉಳಿದವರೂ ಬಂದು ಇಲ್ಲ ಅನ್ಲಿ, ಅವರದ್ದೂ ತೆಗೀತೀನಿ, ಪರ್ಮಿಟ್ಟೂ ಕೊಡ್ತೀನಿ."

ಆರ್ಲೋ ಮನೆಮನೆಗೆ ಓಡಿದ. ಮದುವೆಯ ಅಂಗಿ ಬೆವರಿಗೆ ಬೆನ್ನಿಗಂಟಿತು. ಒಬ್ಬರೂ ಒಪ್ಪಲಿಲ್ಲ.

"ನನ್ನ ಕೋಳಿಗೂಡನ್ನ ಸರ್ಕಾರವೇ ಮನೆ ಅಂದ್ಮೇಲೆ, ನಾಳೆ ಅದನ್ನ ಕೆಡವಿ ಹೊಸದು ಕಟ್ಟಬಹುದು ಅಂದ್ಮೇಲೆ, ಅಲ್ಲ ಅನ್ನೋಕೆ ನಾನ್ಯಾರೋ?" ಎಂದಳು ಟ್ರೂಡಿ ಚಿಕ್ಕಮ್ಮ.

"ನನ್ನ ಪರ್ಮಿಟ್ಟು ಹೋಗುತ್ತೆ ಚಿಕ್ಕಮ್ಮ! ಡೆಲ್ಫಿನ್ ಹೋಗ್ತಾಳೆ!"

"ನಿನಗೋಸ್ಕರ ಬೆಳಗಿಂದ ಇಷ್ಟು ಒದ್ದಾಡಿದೀನಿ. ಇನ್ನೂ ಏನು ಮಾಡ್ಬೇಕು ಹೇಳು?"

ಆರ್ಲೋ ಮರಳಿದಾಗ ಶೆಡ್ಡಿನ ಮುಂದೆ ಕಿಂತಾನಾ ಇರಲಿಲ್ಲ. ಹಂಬರ್ಟ್ ಮಾತ್ರ ಬೋನಿನ ಮೇಲೆ ಕೂತು, ತನ್ನ ಎರಡನೇ ತಮ್ಮನಿಗೆ ಹೆಸರು ಯೋಚಿಸುತ್ತಿದ್ದ.

ಸಂಜೆ ಮೀನು ಅಂಗಡಿಯಿಂದ ಬಂದ ಡೆಲ್ಫಿನ್ ಎಲ್ಲವನ್ನೂ ಕೇಳಿದಳು. ಆಮೇಲೆ ಅವಳೇ ಎದ್ದಳು.

"ಕೋಳಿಗೂಡು ಈಗ ಮನೆ ಅಂತ ಲೆಕ್ಕಕ್ಕೆ ಬಂತಲ್ಲ? ನಡಿ, ಬಾಡಿಗೆಗೆ ಕೇಳೋಣ. ಪರದೆ ಹಿಂದೆ ಇರೋದಕ್ಕಿಂತ ಪುಕ್ಕದ ಮಧ್ಯೆ ಇರೋದು ವಾಸಿ. ಅಮ್ಮನ ಕೆಮ್ಮಿನ ಔಷಧಿ ಸಾಕಾಗಿದೆ ನನಗೆ."

ಬೆಳಗಿನಿಂದ ಮೊದಲ ಸಲ ಆರ್ಲೋ ನಕ್ಕ. ಇಬ್ಬರೂ ಕೈ ಹಿಡಿದು ಹೋಗಿ ಗೂಡಿನ ಬಾಗಿಲು ತಟ್ಟಿದರು. ಒಳಗೆ ದೀಪವಿತ್ತು. ಕಾಫಿಯ ವಾಸನೆಯೂ ಬರುತ್ತಿತ್ತು.

ಬಾಗಿಲು ತೆರೆದವಳು ಮರಿಸೆಲಾ ಕಿಂತಾನಾ. ಬೂಟು ಬಿಚ್ಚಿಟ್ಟು, ಕೂದಲು ಇಳಿಬಿಟ್ಟು, ಕೈಯಲ್ಲೊಂದು ಲೋಟ ಹಿಡಿದಿದ್ದಳು. ಮಂಚದ ಮೇಲೆ ಅವಳ ಪೆಟ್ಟಿಗೆ ತೆರೆದು ಬಿದ್ದಿತ್ತು.

"ಓ, ಪಿಂಡರ್ ಅವರೇ! ಬನ್ನಿ ಬನ್ನಿ. ಈ ದ್ವೀಪದಲ್ಲಿ ಒಂದು ಬಾಡಿಗೆಮನೆಗೆ ಎಷ್ಟು ಅಲೆದಿದ್ದೆ ಗೊತ್ತಾ? ದಿನಾ ಮಯಾಮಿಯಿಂದ ಓಡಾಡಿ ಸೊಂಟ ಬಿದ್ದೋಗಿತ್ತು. ನೀವು ಬೀದಿಯೆಲ್ಲಾ ಸುತ್ತುತ್ತಿದ್ದಾಗ ಚಿಕ್ಕಮ್ಮ ಕೂಗಿ ಕರೆದು ಕೀಲಿಕೈ ಕೊಟ್ಟೇಬಿಟ್ರು."

"ಹಾಗಾದ್ರೆ... ಇಲ್ಲಿ ಯಾರೂ ವಾಸ ಇಲ್ಲ ಅಂತ ಚಿಕ್ಕಮ್ಮ ನಾಳೆ ಒಪ್ಪಿದ್ರೂ..." ಆರ್ಲೋ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಒಪ್ಪಿದ್ರೂ ಏನು ಮಾಡ್ಲಿ, ನಾನೇ ಇದ್ದೀನಲ್ಲ!" ಕಿಂತಾನಾ ಸಂಕೋಚದಿಂದ ನಕ್ಕಳು. "ನನ್ನನ್ನೂ ಸೇತುವೆ ದಾಟಿಸ್ಬೇಕಲ್ವಾ?"