ಸಾಯುವವರಿಗಾಗಿ ಕಾಯುತ್ತ

ಇನ್ನೊಬ್ಬರ ಸಾವಿಗೆ ಕಾಯುತ್ತ ಕೂರುವುದು ಒಳ್ಳೆಯವರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಸಂಬಳ ಬರುವುದೇ ಅದಕ್ಕಾದರೆ ಏನು ಮಾಡುವುದು? ಊರೂರಿಗೆ ಎಸ್‌ಟಿಡಿ ಬೂತುಗಳಿದ್ದ ಆ ಕಾಲದಲ್ಲಿ ನಾನು ಇಂದಿರಾನಗರದ ಒಂದು ಪ್ರಯೋಗಾಲಯದಲ್ಲಿದ್ದೆ. ತಟ್ಟೆಯಲ್ಲಿ ಬೆಳೆದ ಜೀವಕೋಶಗಳಿಗೆ ಔಷಧಿ ಹಾಕಿ, ಅವು ತಮ್ಮ ಪಾಡಿಗೆ ತಾವೇ ಅಚ್ಚುಕಟ್ಟಾಗಿ ಸಾಯುವಂತೆ ಮಾಡಿ, ಎಷ್ಟು ಸತ್ತವು ಎಂದು ಅಳೆಯುವುದು ನನ್ನ ಕೆಲಸ. ಸಾಯಲು ಹೊರಟ ಕೋಶ ತನ್ನ ಪೊರೆಯ ಒಳಮೈಯನ್ನು ಹೊರಗೆ ತಿರುಗಿಸಿಕೊಳ್ಳುತ್ತದೆ. ಅದಕ್ಕೆ ನಾವು ಹಾಕಿದ ಹೊಳೆಯುವ ಹಸಿರು ಬಣ್ಣ ಅಂಟುತ್ತದೆ. ಒಡೆದು ಸತ್ತಿದ್ದರೆ ಒಳಗೆಲ್ಲ ಕೆಂಪು ನುಗ್ಗುತ್ತದೆ. ಮನೆಯ ನೆನಪಿಗೂ ಅಂಥದೊಂದು ಬಣ್ಣವಿದ್ದಿದ್ದರೆ ನಾನು ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ದೀಪವಿಲ್ಲದೆ ಓದಬಹುದಿತ್ತು.

ಕಲಬುರಗಿ ಕಡೆಯ ನಮಗೆ ಎಳ್ಳಮಾವಾಸ್ಯೆ ದೊಡ್ಡ ಹಬ್ಬ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಅಡುಗೆ ಚೆಲ್ಲಿ, ಅಲ್ಲೇ ಕೂತು ಸೊಪ್ಪು-ಕಾಳಿನ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಉಣ್ಣಬೇಕು. ಆ ಊಟಕ್ಕೆ ಜೀವ ಬಿಡುತ್ತಿದ್ದೆ. ಬೂತಿನಿಂದ ಅವ್ವನಿಗೆ ಫೋನ್ ಮಾಡಿ, "ಸತ್ತ ಕೂಡ್ಲೇ ಹೊಂಟು ಬರ್ತೀನವ್ವ" ಎಂದೆ. ಸಾಲಿನಲ್ಲಿ ನಿಂತವರೆಲ್ಲ ಗಾಬರಿಯಿಂದ ನೋಡಿದರು.

"ಹಬ್ಬದ ಮುಂದ ಎಂಥಾ ಮಾತಾಡ್ತಿ? ಬಿಡ್ತು ಅನ್ನು!" ಎಂದಳು ಅವ್ವ.

ಬಿಡ್ತು ಅಂದೆ. ಆದರೂ ಆಗಬಾರದ್ದು ಆಯಿತು. ಕರೆಂಟು ಹೋಯಿತು, ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು, ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಣ್ಣಗಾಯಿತು. ಔಷಧಿ ಹಾಕಿದ ತಟ್ಟೆಯೂ ಕೆಂಪು, ಏನೂ ಹಾಕದೆ ಜೋಪಾನ ಮಾಡಿದ ತಟ್ಟೆಯೂ ಕೆಂಪು. ನಮ್ಮ ಸರ್ ನೋಡಿ, "ಇವು ತಾವಾಗಿ ಹೋಗಿದ್ದಲ್ಲಮ್ಮ. ಲೆಕ್ಕಕ್ಕೆ ಬರಲ್ಲ. ಮತ್ತೆ ಶುರು ಮಾಡಿ. ರಿಸಲ್ಟ್ ಬಂದ್ಮೇಲೆ ಊರಿಗೆ ಹೋಗೋರಂತೆ" ಎಂದರು. ಅವರ ಮೇಲೆ ಬಂದ ಸಿಟ್ಟನ್ನು ಹೊಸ ತಟ್ಟೆಗಳ ಮೇಲೆ ತೀರಿಸಿಕೊಳ್ಳುವ ಹಾಗೂ ಇರಲಿಲ್ಲ. ಅವು ಸಾಯುವ ತನಕ ಚೆನ್ನಾಗಿರಬೇಕಲ್ಲ!

ಹಬ್ಬದ ದಿನ ಮಧ್ಯಾಹ್ನ ಹಸಿರು ಹೊಳೆಯಿತು. ಔಷಧಿಯ ತಟ್ಟೆಯಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟು. ಕೈತೊಳೆದು ಬೂತಿಗೆ ಓಡಿ ಮನೆಗೆ ಫೋನ್ ಹಚ್ಚಿದೆ. ರಿಂಗಾಯಿತು. ಮತ್ತೆ ಹಚ್ಚಿದೆ.

"ಯಾರೂ ಎತ್ತಲ್ಲ ಮೇಡಂ, ಇಟ್ಬಿಡಿ" ಎಂದ ಬೂತಿನವನು.

ಆಗ ಹೊಳೆಯಿತು. ಎಲ್ಲರೂ ಹೊಲದಲ್ಲಿ ಉಣ್ಣುತ್ತಿದ್ದಾರೆ. ಎಳ್ಳಮಾವಾಸ್ಯೆಯ ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದನ್ನೂ ಮರೆಯುವಷ್ಟು ಬೆಂಗಳೂರಿನವಳಾಗಿದ್ದೆ.

"ಇರ್ಲಿ ರೀ, ಇನ್ನೊಂದ್ಸ್ವಲ್ಪ ರಿಂಗಾಗ್ಲಿ" ಎಂದೆ. ನನಗಂತೂ ಹೋಗಲಾಗಲಿಲ್ಲ, ನನ್ನ ಫೋನಿನ ಸದ್ದಾದರೂ ಅಡುಗೆಮನೆಯ ತನಕ ಹೋಗಿ ಬರಲಿ.