ಎಮ್ಮೆಗೆ ರಸಮೇವು ರೂಢಿಸಿದ್ದು

ಊರವರಿಗೆ ಬುದ್ಧಿ ಹೇಳುವವರ ಮನೆಯಲ್ಲಿ ಎಮ್ಮೆ ಇರಬಾರದು. ಇದ್ದರೂ ಅದು ಊರವರ ಕಣ್ಣಿಗೆ ಬೀಳಬಾರದು. ನಾನು ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ದನ ಸಾಕುವವರಿಗೆ ತರಬೇತಿ ಕೊಡುವವಳು. ಮೇವು, ಲಸಿಕೆ, ಕೊಟ್ಟಿಗೆ, ಯಾವುದರ ಬಗ್ಗೆ ಬೇಕಾದರೂ ನೀರು ಕುಡಿಯದೆ ಮಾತಾಡಬಲ್ಲೆ. ಮಾತಾಡುವಾಗ ನನಗೆ ಸಂಶಯ ಎಂಬುದೇ ಬರುವುದಿಲ್ಲ. ಈ ಗುಣ ಮನೆಯೊಳಗೂ ಬರುತ್ತದೆಂಬುದಷ್ಟೇ ನನ್ನ ಗಂಡನ ತಕರಾರು.

ತಾಂಬಾ ಎಂಬ ಊರಿನಲ್ಲಿ ಹೆಣ್ಣುಮಕ್ಕಳಿಗೆ ರಸಮೇವಿನ ತರಬೇತಿ ಇತ್ತು. ಹಸಿ ಗೋವಿನಜೋಳವನ್ನು ದಂಟು ಸಮೇತ ಕತ್ತರಿಸಿ, ಚೀಲದಲ್ಲಿ ಗಾಳಿಯಾಡದಂತೆ ತುಳಿದು ಕಟ್ಟಿಟ್ಟರೆ ಬೇಸಿಗೆಯಲ್ಲೂ ಒಳ್ಳೆಯ ಮೇವು ಸಿಗುತ್ತದೆ ಎಂದು ವಿವರಿಸುತ್ತಿದ್ದೆ. ಮುಂದೆ ಕುಳಿತಿದ್ದ ಶಾಂತವ್ವ ಎಂಬಾಕೆ, "ಮೇಡಮ್ಮಾರ, ನಿಮ್ಮ ಮನ್ಯಾಗಿನ ಎಮ್ಮಿ ಇದನ್ನ ತಿಂತೈತೇನ್ರಿ?" ಎಂದು ಕೇಳಿದಳು.

"ಚೀಲ ಕಟ್ಟಿಟ್ಟೇನಿ, ಇನ್ನೂ ಬಿಚ್ಚಿಲ್ಲ. ಮುಂದಿನ ತಿಂಗಳು ನೀವ ಬಂದು ನೋಡ್ರಿ" ಎಂದೆ. ಎಲ್ಲರೂ ಒಪ್ಪಿದರು. ತರಬೇತಿಗೆ ಕರೆದಾಗ ಯಾರೂ ಅಷ್ಟು ಬೇಗ ಒಪ್ಪಿದ್ದಿಲ್ಲ.

ಮನೆಯಲ್ಲಿ ಚೀಲ ಬಿಚ್ಚಿದಾಗ ಹದವಾದ ಹುಳಿವಾಸನೆ ಬಂತು. ನಮ್ಮತ್ತೆ ಗಂಗವ್ವ ಮೂಗಿಗೆ ಸೆರಗು ಹಿಡಿದು, "ಕೆಟ್ಟ ಉಪ್ಪಿನಕಾಯಿ ನಾರಿದಂಗ ನಾರತೈತಿ. ಮೂಕ ಜೀವಕ್ಕ ಇದನ್ನ ಹಾಕ್ತೀಯೇನ?" ಎಂದರು. ಎಮ್ಮೆ ಮೂಸಿ ನೋಡಿ, ದೊಡ್ಡದಾಗಿ ಉಸಿರು ಬಿಟ್ಟು, ಅತ್ತೆಯ ಕಡೆ ಮುಖ ತಿರುಗಿಸಿತು.

ನಾನು ಹೆದರಲಿಲ್ಲ. ಹೊಸ ಮೇವನ್ನು ದಿನದ ಒಣಮೇವಾದ ಜೋಳದ ಕಣಿಕೆಯಲ್ಲಿ ಬೆರೆಸಿ, ಹಿಡಿಯಷ್ಟರಿಂದ ಶುರು ಮಾಡಿ ದಿನಾ ಸ್ವಲ್ಪ ಹೆಚ್ಚಿಸಬೇಕು. ಹಾಗೇ ಮಾಡಿದೆ. ಎಮ್ಮೆ ಕಣಿಕೆಯನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ನನಗೇ ಬಿಡುತ್ತಿತ್ತು. ಆದರೂ ಬಡವಾಗಲಿಲ್ಲ, ಹಾಲೂ ಕಡಿಮೆಯಾಗಲಿಲ್ಲ. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ಕಾರಣ ಗೊತ್ತಾಯಿತು. ಅತ್ತೆ ಅದಕ್ಕೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದರು. "ಹಸಕೊಂಡು ನಿಂತಿತ್ತು" ಎಂದರು, ನನ್ನ ಮುಖ ನೋಡದೆ.

ಜಗಳ ತೆಗೆಯಬಹುದಿತ್ತು. ಆದರೆ ತಾಂಬಾದವರು ಬರುವ ದಿನ ಹತ್ತಿರವಾಗಿತ್ತು. ಎಮ್ಮೆ ತಿನ್ನದಿದ್ದರೆ ಆ ಊರಿನಲ್ಲಿ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಚೀಲವನ್ನೂ ಕಟ್ಟುತ್ತಿರಲಿಲ್ಲ. "ಅತ್ತಿ, ನನ್ನ ಕೈಲೆ ಅದು ತಿನ್ನಾಂಗಿಲ್ಲ. ಇನ್ನ ಮೇವು ಹಾಕೂದು ನಿಮ್ಮ ಕಡೀಗೆ. ನೀವು ಹಾಕಿದ್ದನ್ನ ಅದು ಬ್ಯಾಡ ಅನ್ನೂದಿಲ್ಲ" ಎಂದೆ.

ಅತ್ತೆ ಉಳಿದ ರೊಟ್ಟಿಯ ಚೂರನ್ನು ಎಮ್ಮೆಯ ಬಾಯಿಗಿಟ್ಟರು. "ಅದು ಖರೇ" ಎಂದರು.

ಮರುದಿನದಿಂದ ರೊಟ್ಟಿ ತಾನಾಗಿ ನಿಂತಿತು. ಅತ್ತೆ ಎಮ್ಮೆಯ ಕುತ್ತಿಗೆ ಸವರುತ್ತ, ಅದಕ್ಕೆ ಮನೆಯ ಸುದ್ದಿಯೆಲ್ಲ ಹೇಳುತ್ತ ಒಂದೊಂದೇ ಹಿಡಿ ತಿನ್ನಿಸಿದರು. ಕೆಲವೇ ದಿನಗಳಲ್ಲಿ ಎಮ್ಮೆ ಬುಟ್ಟಿ ನೆಕ್ಕತೊಡಗಿತು.

ತಾಂಬಾದವರು ಟಂಟಂ ಆಟೋದಲ್ಲಿ ಬಂದಿಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಶುರುಮಾಡಿದ್ದರು. "ಹಾಲು ಹಿಂಡಿದ ಮ್ಯಾಲ ಹಾಕಬೇಕ್ರೆವ್ವಾ. ಮೊದಲ ಹಾಕಿದ್ರ ಹಾಲಿಗೆ ವಾಸನಿ ಹಿಡೀತೈತಿ. ಕೆಲವರು ಮೂಗು ಮುಚ್ಚಿಕೋತಾರ. ಅಂಥವರಿಗೆ ತಿಳಿವಳಿಕಿ ಕಡಿಮಿ." ಇದನ್ನು ಹೇಳುವಾಗ ಅವರ ಮುಖ ಬಹಳ ಗಂಭೀರವಾಗಿತ್ತು. ಎಮ್ಮೆ ಎಲ್ಲರೆದುರು ಬುಟ್ಟಿ ಖಾಲಿ ಮಾಡಿತು. ನಾನು ಚಹಾ ಮಾಡಲು ಒಳಗೆ ಹೋದೆ.

ಹೊರಡುವಾಗ ಶಾಂತವ್ವ ಅತ್ತೆಯ ಕೈ ಹಿಡಿದು, "ಮನೀಗೆ ಹೋದ ಕೂಡಲೆ ಚೀಲ ಕಟ್ತೇವ್ರಿ. ಮುಂದಿನ ತರಬೇತಿಗೆ ನೀವ ಬರ್ರಿ" ಎಂದಳು. ಆಮೇಲೆ ನನ್ನನ್ನು ನೋಡಿ, "ಮೇಡಮ್ಮಾರೂ ಬರ್ಲಿ" ಎಂದಳು.

ಈಗ ಸಿಂದಗಿ ಕಡೆ ತರಬೇತಿಯ ಜೀಪು ಹೊರಟರೆ ಮುಂದಿನ ಸೀಟು ಅತ್ತೆಯದು. ರಸಮೇವು ಊರೂರಿಗೆ ಹಬ್ಬುತ್ತಿದೆ, ನನಗೆ ಸಂತೋಷವೇ. ನಡುವೆ ನನಗೂ ಎರಡು ಮಾತಿಗೆ ಅವಕಾಶ ಕೊಡುವುದನ್ನು ಅತ್ತೆಗೆ ರೂಢಿಸುವುದು ಹೇಗೆಂದು ಯಾರಾದರೂ ತರಬೇತಿ ಇಟ್ಟರೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ.